ತಡೆದದ್ದು ಯಾವುದು?



ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವನು ಬಿಯರಿನ ಜಾತ್ರೆಗೆ ಹೋಗಬಹುದೇ ಎಂದು ನೀವು ಕೇಳಬಹುದು. ಪ್ರವಾಸದ ತಂಡದೊಡನೆ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದಾಗ ನಾನೂ ಹಾಗೆಯೇ ಕೇಳಿಕೊಂಡೆನು. ಕುಡಿಯುವವನಲ್ಲವೆಂಬ ಧೈರ್ಯದಿಂದ ಒಳಗೆ ಕಾಲಿಟ್ಟೆನು.

೧೮೧೦ರ ಅಕ್ಟೋಬರಿನಲ್ಲಿ ಬವೇರಿಯದ ಯುವರಾಜ ಲುಡ್ವಿಗನ ವಿವಾಹದ ನಿಮಿತ್ತ ಊರ ಹೊರಗಿನ ಬಯಲಿನಲ್ಲಿ ಕುದುರೆಗಳ ಓಟ ನಡೆಯಿತು. ಆ ಬಯಲಿಗೆ ಇಂದಿಗೂ ವಧು ತೆರೇಸೆಯ ಹೆಸರೇ ಇದೆ. ಅಂದು ಮೊದಲಾದ ಉತ್ಸವವೇ ಅಕ್ಟೋಬರ್‌ಫೆಸ್ಟ್. ಎರಡು ವಾರಗಳಿಗೂ ಮಿಕ್ಕಿ ನಡೆಯುವ ಇದಕ್ಕೆ ಸುಮಾರು ೬೦ ಲಕ್ಷ ಜನ ಬರುತ್ತಾರೆ. ಸಾವಿರಾರು ಜನ ಹಿಡಿಸುವ ಡೇರೆಗಳು, ಒಂದೊಂದು ಲೀಟರಿನ ಗಾಜಿನ ಪಾತ್ರೆಗಳು, ಕಿವಿ ತುಂಬುವ ವಾದ್ಯಮೇಳ. ವಿಚಿತ್ರವೆಂದರೆ, ಮ್ಯೂನಿಕ್ ಎಂಬ ಹೆಸರೇ ಸನ್ಯಾಸಿಗಳಿಂದ ಬಂದುದು. ಅಲ್ಲಿಯ ಹೆಸರಾಂತ ಬಿಯರುಗಳಲ್ಲಿ ಕೆಲವು ಹುಟ್ಟಿದ್ದು ಕ್ರೈಸ್ತ ಮಠಗಳಲ್ಲಿ. ನಮಗೆ ವ್ರತಭಂಗವಾದುದು ಅವರಿಗೆ ಉಪವಾಸಕಾಲದ ಆಹಾರವಾಗಿತ್ತು!

ಉದ್ದನೆಯ ಹಲಗೆಗಳ ಮೇಲೆ ಅಪರಿಚಿತರು ಒತ್ತೊತ್ತಾಗಿ ಕುಳಿತಿದ್ದರು. ವೃದ್ಧ ದಂಪತಿಗಳು ಸರಿದು ನಮಗೆ ಎಡೆಮಾಡಿಕೊಟ್ಟರು. ನಾನು ಕುಡಿಯುವುದಿಲ್ಲವೆಂದು ತಿಳಿದು ನಿಂಬೆಯ ಪಾನಕ ತರಿಸಿದರು. ಒತ್ತಾಯಿಸಲಿಲ್ಲ, ನಗಲೂ ಇಲ್ಲ. ನಮ್ಮ ಪಂಕ್ತಿಯಲ್ಲಿ ಕುಳಿತ ಅನ್ಯಾಚಾರದವನನ್ನು ನಾವು ಇಷ್ಟು ಸಹಜವಾಗಿ ನಡೆಸಿಕೊಳ್ಳುತ್ತೇವೆಯೇ?

ತಂಡದಲ್ಲಿ ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿದ ತರುಣನೊಬ್ಬನಿದ್ದನು. ಅವನ ಮುಂದೆಯೂ ತುಂಬಿದ ಪಾತ್ರೆ ಬಂದಿತು. ಕೈ ಚಾಚಿದವನು, ನನ್ನ ನೋಟ ತನ್ನ ಮೇಲಿರುವುದನ್ನು ಕಂಡು ಹಿಂದೆಗೆದನು. ನನಗೆ ಸಮಾಧಾನವಾಯಿತು, ತುಸು ಹೆಮ್ಮೆಯೂ ಆಯಿತು. ರಾತ್ರಿ ವಸತಿಗೃಹಕ್ಕೆ ಮರಳುವಾಗ ಅವನು ಮೆಲ್ಲನೆ ಕೇಳಿದನು: "ಕಾಕಾರ, ನೀವು ಇರಲಿಲ್ಲಂದ್ರ ನಾ ಕುಡೀತಿದ್ದೆ. ಇದಕ್ಕ ವ್ರತ ಅಂತಾರೇನ್ರಿ?"

ಎದೆಯ ಮೇಲಿನ ಲಿಂಗ ತಡೆಯಲಿಲ್ಲ, ಎದುರಿನ ಹಿರಿಯನ ಕಣ್ಣು ತಡೆಯಿತು. ಅಂಜಿಕೆಯಿಂದ ಬಂದ ಆಚಾರ ಆಚಾರವೇ ಅಲ್ಲವೆಂದುಬಿಡುವುದು ಸುಲಭ. ಆದರೆ ನಸುಕಿನಲ್ಲಿ ಗಂಟೆ ಬಾರಿಸಿ ಎಬ್ಬಿಸದಿದ್ದರೆ, ಮಠದಲ್ಲಿ ಬೆಳೆದ ನಮ್ಮಲ್ಲಿ ಎಷ್ಟು ಜನ ಪೂಜೆಗೆ ಕೂಡುತ್ತಿದ್ದೆವು? ಅರಿವಿಗೆ ಮುಂಚೆ ರೂಢಿ, ರೂಢಿಗೆ ಮುಂಚೆ ಅಂಜಿಕೆ. ನಾವೆಲ್ಲ ಆ ದಾರಿಯಿಂದಲೇ ಬಂದವರು. ಎಲ್ಲರೂ ಅರಿವಿನವರೆಗೆ ಬಂದೆವೆಂದು ಮಾತ್ರ ಹೇಳಲಾರೆನು.

ನನ್ನ ಮಾತನ್ನೇ ನೋಡಿರಿ. ನನಗೆ ಆ ವಾಸನೆಯೇ ಹೇವರಿಕೆ. ಬೇಡವಾದುದನ್ನು ಬಿಟ್ಟ ನನ್ನದು ಯಾವ ತ್ಯಾಗ? ಬೇಕೆನಿಸಿಯೂ ಕೈ ಹಿಂದೆಗೆದವನು ಅವನು. ನಿಜವನ್ನು ಬಾಯಿಬಿಟ್ಟು ಹೇಳಿದವನೂ ಅವನೇ. ಅಂದು ಈ ಮಾತನ್ನು ಅವನಿಗೆ ಹೇಳಲು ವಯಸ್ಸಿನ ಬಿಗುಮಾನ ಬಿಡಲಿಲ್ಲ. ಅವನು ಈ ಪತ್ರಿಕೆಯನ್ನು ತಪ್ಪದೆ ಓದುತ್ತಾನೆಂದು ಬಲ್ಲೆನು. ಆದುದರಿಂದ ಇಲ್ಲಿ ಬರೆದಿದ್ದೇನೆ.