ಬರೆದವರ ಖುಷಿ, ಆಮೇಲೆ ಬಂದವರ ಪಾಡು

1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ‘ವಯಾವೆಬ್’ ಶುರು ಮಾಡಿದರು. ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಆ ಸಾಫ್ಟ್‌ವೇರನ್ನು ಬರೆದದ್ದು ಲಿಸ್ಪ್‌ನಲ್ಲಿ. ವ್ಯಾಪಾರಕ್ಕೆ ಆ ಭಾಷೆಯನ್ನು ನೆಚ್ಚಿಕೊಂಡವರು ಆಗ ಕಡಿಮೆ. ಎದುರಾಳಿಗಳಿಗಿಂತ ಬೇಗ ಹೊಸ ಸೌಲಭ್ಯ ಕೊಡೋಕೆ ಅದೇ ನೆರವಾಯ್ತು ಅಂತಾರೆ ಗ್ರಹಾಂ. 1998ರಲ್ಲಿ ಯಾಹೂ ಕಂಪನಿಯನ್ನು ಕೊಂಡಿತು. ಮುಂದೆ ಅದೇ ಸಾಫ್ಟ್‌ವೇರನ್ನು ಸಿ ಪ್ಲಸ್ ಪ್ಲಸ್ ಮತ್ತು ಪರ್ಲ್‌ನಲ್ಲಿ ಹೊಸದಾಗಿ ಬರೆಸಿತು.

ನಾವು ಈ ಕಥೆಯ ಮೊದಲರ್ಧವನ್ನಷ್ಟೇ ಹೇಳಿಕೊಂಡು ತಿರುಗ್ತೀವಿ. ನಾನೂ ಹಾಗೇ. ಹಿಂದಿನ ಕೆಲಸದಲ್ಲಿ ಹಟ ಹಿಡಿದು ಬಿಲ್ಲಿಂಗ್ ಭಾಗವನ್ನು ಹ್ಯಾಸ್ಕೆಲ್‌ನಲ್ಲಿ ಬರೆದೆ. ತಪ್ಪುಗಳು ಕಡಿಮೆಯಾದವು, ನಿಜ. ಆಮೇಲೆ ಒಳ್ಳೆ ಆಫರ್ ಬಂತು, ಹೊರಟೆ. ಮೂರು ತಿಂಗಳ ನಂತರ, ರಾತ್ರಿ ಹನ್ನೊಂದಕ್ಕೆ ಅಲ್ಲಿನ ಹೊಸ ಹುಡುಗನ ಫೋನು: “ಸರ್, ಜಿಎಸ್‌ಟಿ ದರ ಬದಲಾಗಿದೆ. ಎಲ್ಲಿ ಕೈ ಹಾಕಬೇಕು ಅಂತಾನೇ ಗೊತ್ತಾಗ್ತಿಲ್ಲ.”

ಅವನು ದಡ್ಡನಲ್ಲ. ನಾನೇ ಅವನಿಗಾಗಿ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ.

ಹಾಗಂತ ಎಲ್ಲರೂ ಜಾವಾದಲ್ಲೇ ಬರೀಬೇಕಾ? ಖಂಡಿತ ಇಲ್ಲ. ಅಪರೂಪದ ಭಾಷೆ ಆರಿಸೋದು ತಪ್ಪಲ್ಲ. ಆದರೆ ಖುಷಿ ನಮಗೆ, ಸಾಲ ಮುಂದೆ ಬರುವವರ ಹೆಸರಿಗೆ ಅಂತಾದರೆ ಅದು ಧೈರ್ಯವಲ್ಲ, ಸ್ವಾರ್ಥ. ಕನಿಷ್ಠ ಇನ್ನೊಬ್ಬರಿಗೆ ಕಲಿಸಿ, ಯಾಕೆ ಹೀಗೆ ಮಾಡಿದೆ ಅಂತ ಬರೆದಿಡುವವರೆಗೆ ನಮ್ಮ ಕೆಲಸ ಮುಗಿದಿಲ್ಲ.

ಆ ರಾತ್ರಿ ಒಂದೂವರೆ ಗಂಟೆ ಫೋನಲ್ಲೇ ದಾರಿ ತೋರಿಸಿದೆ. ಕೊನೆಗೆ ಅವನು “ಥ್ಯಾಂಕ್ಸ್ ಸರ್” ಅಂದ. ನನಗೆ ನಾಚಿಕೆಯಾಯ್ತು.