ಸ್ವಂತ ಮನೆಯೂ ನೆರೆಯವನ ಮಗುವೂ

ಒಬ್ಬನು ತನ್ನ ದುಡಿಮೆಯಿಂದ ಕೊಂಡ ಮನೆಯ ಗೋಡೆಯನ್ನು ಕೆರೆಸಿ ಹೊಸ ಬಣ್ಣ ಹಾಕಿಸುವದರಲ್ಲಿ ಸರಕಾರವು ಕೈಹಾಕುವದು ನ್ಯಾಯವೋ? ಊರ ದಾರಿ, ಕುಡಿಯುವ ನೀರು ಇವುಗಳ ವಿಷಯವಾಗಿ ಕಾನೂನು ಇರತಕ್ಕದ್ದೆಂದು ಎಲ್ಲರೂ ಒಪ್ಪುತ್ತೇವೆ. ಆದರೆ ಅದು ಹೊಸ್ತಿಲು ದಾಟಿ ಒಳಗೆ ಬರುವದು ನಮಗೆ ಹಿಡಿಸದು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಮನೆಗಳ ಸೀಸದ ಬಣ್ಣವನ್ನು ಕುರಿತು ಆಗಿರುವ ಕಾನೂನನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಹಿಂದಿನ ಕಾಲದಲ್ಲಿ ಬಿಳಿ ಸೀಸವನ್ನು ಎಣ್ಣೆಯಲ್ಲಿ ಕಲಸಿ ಬಣ್ಣ ಮಾಡುತ್ತಿದ್ದರು. ಅದು ಬಿಸಿಲು ಮಳೆಗಳನ್ನು ತಾಳಿ ಬಹುಕಾಲ ಬಾಳುತ್ತಿದ್ದದರಿಂದ ಉತ್ತಮವಾದದ್ದೆಂದು ಎಣಿಸಲ್ಪಟ್ಟಿತು. ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವ ತನಕ ಅದರ ಅಪಾಯವು ಕಡಿಮೆ. ಆದರೆ ಅದು ಸುಲಿದು ಬಿದ್ದಾಗಲೂ, ಕಿಟಕಿಯ ಬಾಗಿಲು ಚೌಕಟ್ಟಿಗೆ ಉಜ್ಜಿದಾಗಲೂ, ಕೆಲಸದವನು ಉಪ್ಪುಕಾಗದದಿಂದ ತಿಕ್ಕಿದಾಗಲೂ ನಯವಾದ ಧೂಳಾಗಿ ನೆಲಕ್ಕೆ ಇಳಿಯುತ್ತದೆ. ಅಂಬೆಗಾಲಿಡುವ ಕೂಸು ಆ ನೆಲದ ಮೇಲೆ ಕೈಯೂರಿ ಅದೇ ಕೈಯನ್ನು ಬಾಯಲ್ಲಿಡುತ್ತದೆ. ಸೀಸವು ದೊಡ್ಡವರಿಗಿಂತ ಎಳೆಯರ ಶರೀರದಲ್ಲಿ ಹೆಚ್ಚಾಗಿ ಸೇರಿ, ಬೆಳೆಯುತ್ತಿರುವ ಮೆದುಳನ್ನು ಕೆಡಿಸುತ್ತದೆ. ಅನೇಕ ವೇಳೆ ಜ್ವರವಿಲ್ಲ, ಹುಣ್ಣಿಲ್ಲ. ಪಾಠವು ತಲೆಗೆ ಹತ್ತದು, ಮನಸ್ಸು ಒಂದರಲ್ಲಿ ನಿಲ್ಲದು, ಅಷ್ಟೇ. ತಂದೆತಾಯಿಗಳು ಅದನ್ನು ಮೊಂಡತನವೆಂದು ತಿಳಿದು ಹೊಡೆಯಲೂ ಬಹುದು. ಇಷ್ಟರ ಮಟ್ಟಿಗೆ ಭಯವಿಲ್ಲವೆಂದು ಹೇಳತಕ್ಕ ಯಾವ ಪ್ರಮಾಣವನ್ನೂ ವೈದ್ಯರು ಕಂಡಿಲ್ಲ. ಮೆದುಳಿಗೆ ಆದ ಕೇಡನ್ನು ಹಿಂದಿರುಗಿಸುವ ಔಷಧವೂ ಇಲ್ಲ.

ಇದು ಹೊಸದಾಗಿ ತಿಳಿದುಬಂದ ಸಂಗತಿಯಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನ್ ಪಟ್ಟಣದಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು ಮಕ್ಕಳ ಸೀಸರೋಗಕ್ಕೆ ಮನೆಯ ಬಣ್ಣ ಬಳಿದ ಕಟಕಟೆಗಳೂ ಗೋಡೆಗಳೂ ಕಾರಣವೆಂದು 1904ರಲ್ಲಿಯೇ ಬರೆದರು. ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯವು ಮಕ್ಕಳ ಕೈಗೆಟಕುವ ಕಡೆಗಳಲ್ಲಿ ಆ ಬಣ್ಣವನ್ನು 1922ರಲ್ಲಿ ನಿಷೇಧಿಸಿತು. ಅಮೇರಿಕದಲ್ಲಿಯಾದರೋ ಇಡೀ ದೇಶದ ಮನೆಗಳಿಗೆ ಅನ್ವಯಿಸುವ ನಿಷೇಧವು 1978ರ ತನಕ ಬರಲಿಲ್ಲ. ನಡುವೆ ಕಳೆದ 56 ವರುಷಗಳಲ್ಲಿ ಬಳಿದ ಬಣ್ಣವು ಈ ಹೊತ್ತಿಗೂ ಎಷ್ಟೋ ಗೋಡೆಗಳಲ್ಲಿ ಅಡಗಿದೆ.

ಆದದರಿಂದ ಅಲ್ಲಿಯ ಪರಿಸರ ಸಂರಕ್ಷಣಾ ಇಲಾಖೆಯು 2008ರಲ್ಲಿ ಒಂದು ನಿಯಮವನ್ನು ಮಾಡಿ 2010ರಿಂದ ಪೂರ್ಣವಾಗಿ ಜಾರಿಗೆ ತಂದಿತು. 1978ಕ್ಕೆ ಮುಂಚೆ ಕಟ್ಟಿದ ಮನೆಯನ್ನು ಕೂಲಿಗೆ ದುರಸ್ತಿ ಮಾಡುವವರು ಶಿಕ್ಷಣ ಹೊಂದಿ ಪ್ರಮಾಣಪತ್ರ ಪಡೆದಿರಬೇಕು. ಕೋಣೆಯೊಂದರಲ್ಲಿ 6 ಚದರ ಅಡಿಗೂ ಮನೆಯ ಹೊರಗೆ 20 ಚದರ ಅಡಿಗೂ ಮೀರಿ ಬಣ್ಣವನ್ನು ಕದಲಿಸುವದಾದರೆ ಧೂಳು ಹರಡದಂತೆ ಹಾಳೆ ಹಾಸಿ ಕೆಲಸ ಮಾಡಬೇಕು. ಹಳೆಯ ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯಬಾರದು. ಕೆಲವು ಸಂಸ್ಥಾನಗಳು ಈ ನಿಯಮವನ್ನು ತಾವೇ ನಡಿಸುತ್ತವೆ. ಮಸಾಚುಸೆಟ್ಸ್ ಸಂಸ್ಥಾನವು ಇನ್ನೂ ಮುಂದೆ ಹೋಗಿದೆ. ಅಲ್ಲಿ 1971ರಲ್ಲಿ ಆರಂಭವಾದ ಕಾನೂನಿನ ಪ್ರಕಾರ, ಇಂಥ ಹಳೆಯ ಮನೆಯಲ್ಲಿ 6 ವರುಷದೊಳಗಿನ ಮಗು ವಾಸವಾಗಿದ್ದರೆ ಸೀಸದ ಅಪಾಯವನ್ನು ನೀಗಿಸುವದು ಒಡೆಯನ ಕರ್ತವ್ಯವು.

ಮೊದಲು ಆ ದೇಶದ ನಿಯಮದಲ್ಲಿ ಒಂದು ಸಡಿಲಿಕೆ ಇತ್ತು. ಸ್ವಂತ ಮನೆಯಲ್ಲಿ ವಾಸಿಸುವವನು, ಇಲ್ಲಿ ಎಳೆಯ ಮಗುವಾಗಲಿ ಗರ್ಭಿಣಿಯಾಗಲಿ ಇಲ್ಲವೆಂದು ಬರೆದುಕೊಟ್ಟರೆ ಆ ಎಚ್ಚರಿಕೆಗಳು ಬೇಡವೆನ್ನಬಹುದಾಗಿತ್ತು. 2010ರಲ್ಲಿ ಇದನ್ನು ತೆಗೆದುಹಾಕಿದರು. ಯಾಕಂದರೆ ಮೊಮ್ಮಗು ಹಬ್ಬಕ್ಕೆ ಬರುತ್ತದೆ. ಧೂಳು ಪಕ್ಕದ ಅಂಗಳಕ್ಕೆ ಹಾರುತ್ತದೆ. ನಾಳೆ ಮನೆ ಮಾರಿದರೆ ಬೇರೊಬ್ಬರ ಕೂಸು ಅಲ್ಲಿ ತೆವಳುತ್ತದೆ. ಮನೆಯ ಒಡೆತನವು ಕಾಗದದಲ್ಲಿ ಬರೆದ ಎಲ್ಲೆಗಳೊಳಗೆ ನಿಲ್ಲುತ್ತದೆ. ಅದರ ಕೇಡು ನಿಲ್ಲುವದಿಲ್ಲ.

ಕೇಡು ಆದ ಮೇಲೆ ದಂಡಿಸಿದರೆ ಸಾಲದೋ, ಮುಂಚಿತವಾಗಿ ಕಟ್ಟುಪಾಡು ಯಾಕೆ ಎಂದು ಕೆಲವರು ಕೇಳುವರು. ಎತ್ತು ಪಕ್ಕದ ಹೊಲದ ಪೈರು ಮೇಯ್ದರೆ ನಷ್ಟವು ಕಣ್ಣಿಗೆ ಕಾಣುತ್ತದೆ. ಹೊಲದವನು ದೂರು ಕೊಡುತ್ತಾನೆ. ಪಂಚರು ಕೂಡಿ ತೀರ್ಮಾನಿಸುತ್ತಾರೆ. ಆದರೆ ಸೀಸದಿಂದ ಬುದ್ಧಿ ಕುಂದಿದ ಮಗುವಿಗೆ ತನ್ನಿಂದ ಏನು ಕಳವಾಯಿತೆಂಬದೇ ತಿಳಿಯದು. ಕಳವು ಮಾಡಿದವನಿಗೂ ತಿಳಿಯದು. ಸಾಕ್ಷಿಯೂ ಇಲ್ಲ, ದೂರೂ ಇಲ್ಲ. ನ್ಯಾಯವು ಹಿಂದಿನಿಂದ ಹೋಗಿ ಹಿಡಿಯಲಾರದ ತಪ್ಪನ್ನು ಮುಂದೆ ನಿಂತೇ ತಡೆಯಬೇಕು. ಹೊಸ ಮನೆಯ ಮಾಳಿಗೆಗೆ ಸುತ್ತಲೂ ಅಡ್ಡಗೋಡೆ ಇರಬೇಕೆಂದೂ, ಇಲ್ಲದೆ ಯಾವನಾದರೂ ಬಿದ್ದು ಸತ್ತರೆ ದೋಷವು ಆ ಮನೆಗೆ ತಗಲುವದೆಂದೂ ಮೋಶೆಯ ಧರ್ಮಶಾಸ್ತ್ರವು ವಿಧಿಸಿದ್ದನ್ನು ನಾವು ಬಲ್ಲೆವು. ಬೀಳುವವನು ಯಾರೆಂದು ಗೊತ್ತಾಗುವದಕ್ಕೆ ಮುಂಚೆಯೇ ಗೋಡೆ ಕಟ್ಟತಕ್ಕದ್ದು.

ಆದರೂ ಬಡವರ ಮಾತನ್ನು ತಳ್ಳಿಬಿಡಬಾರದು. ಎಚ್ಚರಿಕೆಯ ಕೆಲಸಕ್ಕೆ ಹೆಚ್ಚು ಹಣ ಬೇಕು. ಹಣವಿಲ್ಲದವನು ದುರಸ್ತಿಯನ್ನೇ ಬಿಟ್ಟರೆ ಬಣ್ಣವು ಇನ್ನೂ ಸುಲಿಯುವದು. ಮನೆಯ ಒಡೆಯನು ಖರ್ಚಿಗೆ ಅಂಜಿ ಮಕ್ಕಳೊಂದಿಗರಿಗೆ ಬಾಡಿಗೆಗೆ ಕೊಡದಿದ್ದರೆ ಕಾನೂನು ಯಾರನ್ನು ಕಾಯಹೋಯಿತೋ ಅವರೇ ಬೀದಿಗೆ ಬೀಳುವರು. ಮಸಾಚುಸೆಟ್ಸಿನವರು ಇದನ್ನು ಅರಿತು, ಸೀಸದ ನಿಮಿತ್ತ ಮಕ್ಕಳುಳ್ಳ ಕುಟುಂಬವನ್ನು ನಿರಾಕರಿಸಬಾರದೆಂದು ವಿಧಿಸಿ, ಸೀಸ ತೆಗೆಸಿದವನಿಗೆ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಟ್ಟಿದ್ದಾರೆ. ಎಲ್ಲರ ಹಿತಕ್ಕಾಗಿ ಭಾರ ಹೊರಿಸುವವರು ಆ ಭಾರಕ್ಕೆ ತಾವೂ ಹೆಗಲು ಕೊಡುವದು ನ್ಯಾಯವು.

ಕಡೆಗೆ, ಕಾನೂನು ಎಷ್ಟು ವಿಸ್ತಾರವಾದರೂ ಅದಕ್ಕೆ ಒಂದು ಅಂಚು ಉಂಟು. ಅಮೇರಿಕದ ಆ ನಿಯಮವು ತನ್ನ ವಾಸದ ಮನೆಯನ್ನು ತನ್ನ ಕೈಯಿಂದಲೇ ಕೆರೆಯುವವನಿಗೆ ಅನ್ವಯಿಸುವದಿಲ್ಲ. ನಮ್ಮ ದೇಶದಲ್ಲಿಯೂ 2016ರಲ್ಲಿ ಪ್ರಕಟವಾಗಿ 2017ರ ನವಂಬರಿನಿಂದ ಜಾರಿಯಾದ ನಿಯಮವು ಮನೆಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂದು ಹೇಳುತ್ತದೆ. ಆದರೆ ಅದು ಹೊಸ ಡಬ್ಬಿಯ ಮಾತು, ಅಜ್ಜನು ಬಳಿಸಿದ ಬಾಗಿಲಿನ ಮಾತಲ್ಲ. ಆ ಬಾಗಿಲನ್ನು ಕೆರೆಯುವ ದಿನ ಯಾವ ಅಧಿಕಾರಿಯೂ ಬಾರನು. ಅಂದು ಮಕ್ಕಳನ್ನು ದೂರ ಕಳುಹಿಸಿ, ಬಣ್ಣವನ್ನು ಸುಡದೆ, ನೀರು ಚಿಮುಕಿಸಿ ಒದ್ದೆಯಾಗಿಯೇ ಹೆರೆದು, ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆದು, ಕೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು. ಕೂಲಿಗೆ ಬಂದವನಿಗೂ ಕೈತೊಳೆಯಲು ನೀರೂ ಸಮಯವೂ ಕೊಡಬೇಕು. ಅವನ ಮನೆಯಲ್ಲಿಯೂ ಮಕ್ಕಳಿದ್ದಾರೆ.

ಪ್ರಿಯ ಓದುಗರೇ, ದಂಡಕ್ಕೆ ಅಂಜಿ ಮಾಡುವದು ಸೇವಕನ ವಿಧೇಯತೆ. ಯಾರೂ ನೋಡದಿರುವಾಗ, ದೂರು ಹೇಳಲಾರದ ಒಂದು ಕೂಸಿಗೋಸ್ಕರ ಅಷ್ಟನ್ನೇ ಮಾಡುವವನು ಕಾನೂನಿನ ಅರ್ಥವನ್ನು ತಿಳಿದವನು.