ಎರಡನೆಯವನ ಹಂಬಲ

ಕ್ರಿಸ್ತಶಕ 41ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಅವಕೃಪೆಗೆ ಪಾತ್ರನಾಗಿ ಕಾರ್ಸಿಕಾ ದ್ವೀಪಕ್ಕೆ ದೇಶಭ್ರಷ್ಟನಾಗಿ ಹೋದ ಸೆನೆಕನೆಂಬ ರೋಮನ್ ತತ್ತ್ವಜ್ಞನು ಅಲ್ಲಿಂದ ತನ್ನ ತಾಯಿ ಹೆಲ್ವಿಯಾಳಿಗೆ ಒಂದು ಸಾಂತ್ವನಲೇಖವನ್ನು ಬರೆದು ಕಳುಹಿಸಿದನು. ದೇಶಭ್ರಂಶವೆಂಬುದು ಸ್ಥಳದ ಬದಲಾವಣೆಯೇ ಹೊರತು ಬೇರೇನೂ ಅಲ್ಲವೆಂದೂ, ರೋಮ್ ನಗರದ ಜನಸಮ್ಮರ್ದದಲ್ಲಿಯೇ ಬಹುಮಂದಿ ಬೇರೆ ನಾಡುಗಳಿಂದ ಬಂದು ನೆಲಸಿದವರೆಂದೂ, ಮಾನವಚಿತ್ತವು ಸ್ವಭಾವತಃ ಸಂಚಾರಶೀಲವೆಂದೂ, ಸರ್ವಸಾಧಾರಣವಾದ ಪ್ರಕೃತಿಯೂ ಸ್ವಂತದ್ದಾದ ಸದ್ಗುಣವೂ ಎಲ್ಲಿಗೆ ಹೋದರೂ ಜೊತೆಗೇ ಬರುವಾಗ ವಿವೇಕಿಯಾದವನಿಗೆ ಪರದೇಶವೆಂಬುದೇ ಇಲ್ಲವೆಂದೂ ಅವನು ಅದರಲ್ಲಿ ಬಹು ಧೀರವಾಗಿ ವಾದಿಸಿದನು. ಆದರೆ ಅದೇ ದ್ವೀಪದಿಂದ, ಅದೇ ಲೇಖನಿಯಿಂದ, ಚಕ್ರವರ್ತಿಯ ಆಪ್ತಾಧಿಕಾರಿಯಾದ ಪಾಲಿಬಿಯಸನಿಗೆ ಹೋದ ಮತ್ತೊಂದು ಸಾಂತ್ವನಲೇಖದ ಕೊನೆಗೆ ಬರುವಷ್ಟರಲ್ಲಿ ಧ್ವನಿ ಕುಂದಿದೆ. ಸುತ್ತಲೂ ಅನಾಗರಿಕರ ಗದ್ದಲವೇ ಕಿವಿಗೆ ಬೀಳುತ್ತಿರುವಲ್ಲಿ ತನಗೆ ಲ್ಯಾಟಿನ್ ಮಾತು ಸುಲಭವಾಗಿ ಒದಗುತ್ತಿಲ್ಲ, ಬುದ್ಧಿಗೆ ತುಕ್ಕು ಹಿಡಿದಿದೆ, ಬರೆಹ ಸೊರಗಿದ್ದರೆ ಮನ್ನಿಸತಕ್ಕದ್ದೆಂದು ಅವನು ಬಿನ್ನವಿಸಿಕೊಂಡಿದ್ದಾನೆ.

ಇದನ್ನು ತತ್ತ್ವಜ್ಞನ ಕಪಟವೆಂದು ನಗುವವರು ನಗಬಹುದು. ಎರಡನೆಯ ಲೇಖದ ಹಿಂದೆ ರೋಮಿಗೆ ಮರಳಿ ಕರೆಸಿಕೊಳ್ಳುವ ಆಸೆಯಿತ್ತೆಂಬುದೂ, ಮುಖಸ್ತುತಿಯ ಭಾರದಿಂದ ಅದರ ಬೆನ್ನು ಬಾಗಿದೆಯೆಂಬುದೂ ಓದಿದವರಿಗೆ ಗೊತ್ತಿರುವ ಸಂಗತಿ. ಆದರೂ ನನಗೆ ತೋರುವಮಟ್ಟಿಗೆ ಅವನು ಎರಡು ಕಡೆಯೂ ನಿಜವನ್ನೇ ನುಡಿದನು. ಅರಮನೆ, ರಂಗಮಂದಿರ, ಸ್ನಾನಶಾಲೆಗಳಿಲ್ಲದೆ ಬಾಳುವುದನ್ನು ಅವನು ಕಲಿತನು. ಆಡಿದ ಮಾತಿಗೆ ತನ್ನ ನುಡಿಯಲ್ಲಿಯೇ ಮರುಮಾತು ಬರುವ ಸುಖವನ್ನು ಬಿಟ್ಟು ಬಾಳುವುದನ್ನು ಕಲಿಯಲಾರದೆ ಹೋದನು. ಅವನಿಗಿಂತ ಮೊದಲು, ಕ್ರಿಸ್ತಶಕ 8ರಲ್ಲಿ, ಕಪ್ಪುಸಮುದ್ರದ ತೀರದ ಟೋಮಿಸ್ ಎಂಬ ಊರಿಗೆ ಅಟ್ಟಲ್ಪಟ್ಟ ಓವಿಡ್ ಕವಿಯಾದರೋ ಕಡೆಗೆ ಅಲ್ಲಿಯ ಗೇಟ ಜನರ ನುಡಿಯನ್ನೇ ಕಲಿತು ಅದರಲ್ಲಿ ಒಂದು ಕಾವ್ಯವನ್ನೂ ರಚಿಸಿ, ಆ ಸುದ್ದಿಯನ್ನು ಲ್ಯಾಟಿನ್ನಿನಲ್ಲಿ ಸ್ನೇಹಿತನಿಗೆ ತಿಳಿಸುವಾಗ ನಾಚಿಕೆಯಾಗುತ್ತಿದೆಯೆಂದು ಸೇರಿಸಿದನು.

ಪರರ ನುಡಿಯನ್ನು ಹಿಡಿದುದಕ್ಕೆ ಅವನು ನಾಚಿದನು. ಇಂದಿನವರ ನಾಚಿಕೆ ತಿರುಗಿ ನಿಂತಿದೆ. ಹೊರನಾಡಿನಲ್ಲಿ ಮನೆ ಹುಡುಕುವ ನಮ್ಮವನು ಬಾಡಿಗೆ, ಮಕ್ಕಳ ಶಾಲೆ, ಕಚೇರಿಗೆ ಇರುವ ದೂರ ಇವುಗಳನ್ನೆಲ್ಲ ಗಟ್ಟಿಯಾಗಿ ಹೇಳಿ ಮುಗಿಸಿ, ಹತ್ತಿರದಲ್ಲಿ ನಾಲ್ಕು ಮನೆ ನಮ್ಮ ಮಾತಿನವರಿದ್ದಾರೆಂಬ ಕಾರಣವನ್ನು ಮಾತ್ರ ಕೊನೆಯಲ್ಲಿ, ದನಿ ತಗ್ಗಿಸಿ ಹೇಳುತ್ತಾನೆ. ಈ ಸಂಕೋಚಕ್ಕೆ ಆಶ್ರಯ ಕೊಟ್ಟ ನಾಡಿನ ಕಣ್ಣು ಒಂದು ಕಾರಣವಿರಬಹುದು. ಅದು ರಾಜಕೀಯಕ್ಕೆ ಸೇರಿದ ಮಾತು. ಆಳವಾದ ಕಾರಣವೆಂದರೆ, ಒಂಟಿಯಾಗಿ ನಿಲ್ಲಬಲ್ಲವನೇ ದೊಡ್ಡವನೆಂದು ನಾವು ತಲೆತಲಾಂತರದಿಂದ ಕೇಳಿಕೊಂಡು ಬಂದಿರುವುದು. ಗೀತೆಯ 13ನೆಯ ಅಧ್ಯಾಯವು ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಏಕಾಂತಸ್ಥಳದ ಆಶ್ರಯವನ್ನೂ ಜನಸಮೂಹದಲ್ಲಿ ಅರುಚಿಯನ್ನೂ ಸೇರಿಸಿದೆ. ಪರಿವ್ರಾಜಕನು ಮಳೆಗಾಲವನ್ನುಳಿದು ಒಂದೆಡೆ ನಿಲ್ಲತಕ್ಕದ್ದಲ್ಲವೆಂಬುದು ಧರ್ಮಶಾಸ್ತ್ರದ ವಿಧಿ. ಇಂತಹ ಪರಂಪರೆಯ ಮನುಷ್ಯನು ಸಾವಿರಾರು ಮೈಲಿ ದಾಟಿ ಹೋಗಿ, ಅಲ್ಲಿ ಮತ್ತೆ ತನ್ನ ಮಾತಿನವರ ಮಗ್ಗುಲನ್ನೇ ಹುಡುಕಿದನೆಂದರೆ ಅದು ಆತ್ಮದ ದೌರ್ಬಲ್ಯವಲ್ಲದೆ ಮತ್ತೇನು?

ಈ ಪ್ರಶ್ನೆಗೆ ಬೃಹದಾರಣ್ಯಕೋಪನಿಷತ್ತಿನ ಮೊದಲನೆಯ ಅಧ್ಯಾಯದ ಒಂದು ಪ್ರಸಂಗವು ನನಗೆ ಸದಾ ನೆನಪಾಗುತ್ತದೆ. ಆದಿಯಲ್ಲಿ ಪುರುಷರೂಪದ ಆತ್ಮನೊಬ್ಬನೇ ಇದ್ದನು. ಸುತ್ತ ನೋಡಿ ತನ್ನ ಹೊರತು ಬೇರೊಂದನ್ನೂ ಕಾಣದೆ ಅವನು ಅಂಜಿದನು. ಬೇರೊಂದು ಇಲ್ಲವೆಂದಮೇಲೆ ಅಂಜುವುದು ಯಾವುದಕ್ಕೆ, ಭಯ ಹುಟ್ಟುವುದು ಎರಡನೆಯದರಿಂದಲ್ಲವೆ ಎಂದು ವಿಚಾರಮಾಡಿದೊಡನೆ ಆ ಅಂಜಿಕೆ ಹೋಯಿತು. ಇಷ್ಟಕ್ಕೇ ನಿಂತಿದ್ದರೆ ಅದ್ವೈತಿಗಳಿಗೆ ಬೇಕಾದುದೆಲ್ಲ ಸಿಕ್ಕಿದಂತಾಗುತ್ತಿತ್ತು. ಆದರೆ ಉಪನಿಷತ್ತು ಅಲ್ಲಿ ನಿಲ್ಲದೆ, ಮರುಗಳಿಗೆಯಲ್ಲಿಯೇ ಅವನಿಗೆ ಸಂತೋಷವಾಗಲಿಲ್ಲವೆಂದೂ, ಒಂಟಿಯಾಗಿರುವವನಿಗೆ ಸಂತೋಷವಿಲ್ಲದಿರುವುದು ಆದ್ದರಿಂದಲೇ ಎಂದೂ, ಅವನು ಎರಡನೆಯದೊಂದನ್ನು ಬಯಸಿದನೆಂದೂ ಹೇಳುತ್ತದೆ. ಶಂಕರಾಚಾರ್ಯರ ಭಾಷ್ಯವು ಈ ಭಯವನ್ನೂ ಈ ಅರತಿಯನ್ನೂ, ಎಂದರೆ ಸಂತೋಷವಿಲ್ಲದಿರುವುದನ್ನೂ, ಆ ಆದಿಪುರುಷನಾದ ಪ್ರಜಾಪತಿಯ ಪದವಿಯು ಕೂಡ ಸಂಸಾರದೊಳಗಣದೇ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯುತ್ತದೆ. ಹಾಗೆಯೇ ಆಗಲಿ, ಪ್ರಜಾಪತಿಗೇ ತಪ್ಪದ ಅರತಿಯು ಪರದೇಶದಲ್ಲಿ ಗುಮಾಸ್ತೆಗಿರಿ ಮಾಡುವವನಿಗೂ ತಪ್ಪಲಿಲ್ಲವೆಂದು ಅವನನ್ನು ದೂರುವುದು ನ್ಯಾಯವಲ್ಲ.

ಭಯಕ್ಕೆ ಎರಡನೆಯದು ಕಾರಣ, ಸಂತೋಷಕ್ಕೂ ಎರಡನೆಯದೇ ಕಾರಣ: ಹೊರನಾಡಿಗನ ಸಂಕಟವನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದವರನ್ನು ನಾನರಿಯೆ. ಬೀದಿಗಿಳಿದರೆ ಅಪರಿಚಿತರ ನಡುವೆ ಭಯ, ಬಾಗಿಲು ಮುಚ್ಚಿಕೊಂಡರೆ ನಾಲ್ಕು ಗೋಡೆಗಳ ನಡುವೆ ಸಂತೋಷದ ಅಭಾವ. ಸ್ವಭಾಷೆಯ ನೆರೆಯವನಾದರೋ ಈ ಎರಡು ರೋಗಗಳಿಗೂ ಒಂದೇ ಮದ್ದಾಗಿ ಒದಗುತ್ತಾನೆ. ಅವನು ಬೇರೆಯವನಾದುದರಿಂದ ಸಂತೋಷ, ತನ್ನಂತಹವನಾದುದರಿಂದ ನಿರ್ಭಯ. ಆದರೆ ಇಷ್ಟು ಸುಲಭವಾಗಿ ಒದಗುವ ಮದ್ದನ್ನು ಸಂದೇಹಿಸುವುದು ಒಳ್ಳೆಯದು. ನನ್ನ ಗಾದೆಯನ್ನೇ ಆಡಿ, ನನ್ನ ದೂರನ್ನೇ ದೂರಿ, ನನ್ನ ಊರಿನ ಸುದ್ದಿಗೇ ತಲೆದೂಗುವವನು ನಿಜವಾಗಿ ಎರಡನೆಯವನೇ ಅಥವಾ ನನ್ನದೇ ಪ್ರತಿಧ್ವನಿಯೇ? ಪ್ರತಿಧ್ವನಿಯಾದ ಪಕ್ಷದಲ್ಲಿ ಒಬ್ಬನ ಒಂಟಿತನವು ಹತ್ತು ಮನೆಗಳಿಗೆ ಹಬ್ಬಿತೇ ಹೊರತು ಹೋಗಲಿಲ್ಲ. ಭಾಷಾಬಾಂಧವರ ನೆರೆಯನ್ನು ಕುರಿತು ಆಡತಕ್ಕ ಆಕ್ಷೇಪಗಳಲ್ಲಿ ಇದೇ ಬಲವಾದುದೆಂದು ನನ್ನ ಮತ.

ಇದನ್ನು ತರ್ಕದಿಂದ ಬಗೆಹರಿಸುವುದಕ್ಕಿಂತ ಒಂದು ಊರಿನ ಚರಿತ್ರೆಯಲ್ಲಿಟ್ಟು ನೋಡುವುದು ಲೇಸು. ಸಿಂಗಪುರದಲ್ಲಿ 1822ರಲ್ಲಿ ಬ್ರಿಟಿಷ್ ಆಡಳಿತಗಾರನಾದ ರಾಫಲ್ಸನು ಪಟ್ಟಣದ ನಕ್ಷೆ ಮಾಡಿಸಿದಾಗಲೇ ಒಂದೊಂದು ಜನಾಂಗಕ್ಕೆ ಒಂದೊಂದು ಕೇರಿಯನ್ನು ಗೊತ್ತುಮಾಡಿದ್ದನು. ಚೀನಾದಿಂದ ಬಂದವರು ಅದರೊಳಗೆ ತಾವಾಗಿಯೇ ಇನ್ನಷ್ಟು ಗೆರೆಗಳನ್ನು ಎಳೆದುಕೊಂಡರು: ಹೊಕ್ಕಿಯೆನ್ ಮಾತಿನವರು ತೆಲೋಕ್ ಅಯರ್ ಬೀದಿಯ ಸುತ್ತ, ತಿಯೋಚ್ಯೂ ಮಾತಿನವರು ನದಿಯ ದಂಡೆಯಲ್ಲಿ, ಕ್ಯಾಂಟನಿನವರು ಕ್ರೇತಾ ಅಯರಿನಲ್ಲಿ. ಲಿಪಿ ಒಂದೇ ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಹಡಗಿನಿಂದಿಳಿದ ಹೊಕ್ಕಿಯೆನ್ನರು ಸಮುದ್ರದೇವತೆಯಾದ ಮಾಜುವಿಗೆ ಕಟ್ಟಿಸಿದ ಥಿಯಾನ್ ಹಾಕ್ ಕೆಂಗ್ ದೇವಾಲಯವು ತೆಲೋಕ್ ಅಯರಿನಲ್ಲಿ 1842ರಲ್ಲಿ ಪೂರ್ತಿಯಾಯಿತು. ಅದೇ ಬೀದಿಯಲ್ಲಿ ತಮಿಳು ಕರಾವಳಿಯ ಮುಸಲ್ಮಾನರು ಅದಕ್ಕೆ ಮುಂಚೆಯೇ ನಾಗೂರ್ ದರ್ಗಾವನ್ನು ನಿಲ್ಲಿಸಿದ್ದರು. ಕಡಲು ದಾಟಿಸಿದವರಿಗೆ ಕೃತಜ್ಞತೆ ಸಲ್ಲಿಸುವ ವಿಷಯದಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಅದನ್ನು ಯಾವ ನುಡಿಯಲ್ಲಿ ಸಲ್ಲಿಸಬೇಕೆಂಬಲ್ಲಿ ಮಾತ್ರ ಇತ್ತು.

ಕ್ರೇತಾ ಅಯರಿನಲ್ಲಿ ಸೇಗೊ ಲೇನ್ ಎಂಬ ಒಂದು ಗಲ್ಲಿಯಿತ್ತು. ಕಟ್ಟಡದ ಕೆಲಸಕ್ಕೆ ಕೆಂಪು ತಲೆವಸ್ತ್ರ ಕಟ್ಟಿಕೊಂಡು ಹೋಗುತ್ತಿದ್ದ ಸಾನ್‌ಶುಯಿ ಪ್ರಾಂತದ ಹೆಂಗಸರು, ಮದುವೆಯನ್ನೇ ತೊರೆದು ಮನೆಗೆಲಸಕ್ಕೆ ಬಂದ ದಾದಿಯರು, ಹಿಂದಿರುಗಲು ಹಣವಾಗದೆ ಮುದುಕರಾದ ಕೂಲಿಯಾಳುಗಳು, ಇವರೆಲ್ಲ ಬಾಡಿಗೆಯ ಇಕ್ಕಟ್ಟು ಕೋಣೆಗಳಲ್ಲಿ ಸತ್ತರೆ ಅಲ್ಲಿ ಉಳಿದವರಿಗೆ ಅಶುಭವೆಂಬ ನಂಬಿಕೆಯಿದ್ದುದರಿಂದ, ಅಂತ್ಯಕಾಲ ಹತ್ತಿರವಾದಾಗ ಆ ಗಲ್ಲಿಯ ಸಾವಿನ ಮನೆಗಳಿಗೆ ಬಂದು ಮಲಗುತ್ತಿದ್ದರು. ಮೇಲೆ ಕಾಯುವವರು, ಕೆಳಗೆ ಅಂತ್ಯಕ್ರಿಯೆಯ ಏರ್ಪಾಡು. ಸರ್ಕಾರವು 1961ರಲ್ಲಿ ಇವನ್ನು ನಿಷೇಧಿಸಿತು. ಆರೋಗ್ಯದೃಷ್ಟಿಯಿಂದ ಅದು ಸರಿಯೇ ಇದ್ದಿರಬೇಕು. ಆದರೆ ಅಲ್ಲಿ ಮಲಗಿದವರು ಅಪೇಕ್ಷಿಸಿದುದು ಪ್ರತಿಧ್ವನಿಯನ್ನಲ್ಲ. ಕೊನೆಯ ಮಾತು ಯಾರಿಗಾದರೂ ಅರ್ಥವಾಗಬೇಕು, ಸತ್ತಮೇಲೆ ಸಲ್ಲಬೇಕಾದ ಅರ್ಪಣೆ ಗೊತ್ತಿರುವವರ ಕೈಯಿಂದ ಸಲ್ಲಬೇಕು, ಇಷ್ಟೇ. ಯೆಹೂದ್ಯರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕರು ಸೇರಲೇಬೇಕು, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನಂದು ನಿಷ್ಠಾವಂತರು ವಾಹನ ಹತ್ತತಕ್ಕದ್ದಲ್ಲ. ಈ ಎರಡು ನಿಯಮಗಳು ಕೂಡಿ, ಪ್ರಾರ್ಥನಾಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಬೇಕೆಂಬ ವಿಧಿಯನ್ನು ಯಾರೂ ಬರೆಯದೆಯೇ ಬರೆದಿವೆ. ಏಕಾಂತವನ್ನು ಹೊಗಳುವ ಮತಗಳಲ್ಲಿ ಕೂಡ ಜನನಕ್ಕೂ ಮರಣಕ್ಕೂ ನಾಲ್ಕು ಜನ ಬೇಕು, ಮತ್ತು ಆ ನಾಲ್ವರಿಗೆ ಮಾತು ತಿಳಿಯಬೇಕು.

ಕ್ಯಾಂಟನಿನವರು 1910ರಲ್ಲಿ ತಮ್ಮ ಮಾತಿನ ಬಡವರಿಗಾಗಿ ಸೆರಂಗೂನ್ ರಸ್ತೆಯಲ್ಲಿ, ಎಂದರೆ ತಮಿಳರ ಬೀದಿಗಳ ಬದಿಯಲ್ಲಿಯೇ, ಕ್ವಾಂಗ್ ವಾಯ್ ಷಿಯು ಎಂಬ ಧರ್ಮಾಸ್ಪತ್ರೆಯನ್ನು ಸ್ಥಾಪಿಸಿದರು. ಕಾಲಕ್ರಮದಲ್ಲಿ ಅದರ ಬಾಗಿಲು ಎಲ್ಲ ಜನಾಂಗದವರಿಗೂ ತೆರೆಯಿತು. ತಮ್ಮವರಿಗೆಂದು ಕಟ್ಟಿದುದು ತಮ್ಮವರಿಗೇ ಮುಚ್ಚಿಕೊಂಡಿರಬೇಕಾದುದಿಲ್ಲವೆಂಬುದಕ್ಕೆ ಈ ನಿದರ್ಶನ ಸಾಕು.

ಆ ನಾಡಿನ ಸರ್ಕಾರಕ್ಕೆ ಮಾತ್ರ ಇಂತಹ ನಿದರ್ಶನಗಳಿಂದ ತೃಪ್ತಿಯಾಗಲಿಲ್ಲ. 1964ರ ಜನಾಂಗೀಯ ಗಲಭೆಗಳನ್ನು ಕಂಡಿದ್ದ ಅದು, 1989ರಿಂದ ತಾನು ಕಟ್ಟಿಸಿದ ವಸತಿಸಮುಚ್ಚಯಗಳಲ್ಲಿ ಚೀನೀಯರು ಇಷ್ಟು, ಮಲಯರು ಇಷ್ಟು, ಭಾರತೀಯರೂ ಇತರರೂ ಇಷ್ಟೆಂದು ಮಿತಿ ಹಾಕಿ, ಮಿತಿ ತುಂಬಿದಲ್ಲಿ ಆ ಜನಾಂಗದವರಿಗೆ ಮತ್ತೊಂದು ಮನೆ ಹೆಚ್ಚಾಗಿ ಸೇರದಂತೆ ಮಾಡಿತು. ಈ ಲೆಕ್ಕ ಜನಾಂಗದ್ದು, ಭಾಷೆಯದಲ್ಲ. ತಮಿಳನೂ ಪಂಜಾಬಿಯೂ ಕನ್ನಡಿಗನೂ ಅಲ್ಲಿ ಒಂದೇ ಕೋಷ್ಟಕದೊಳಗೆ ಬೀಳುತ್ತಾರೆ. ಚೀನೀಯರ ಒಳನುಡಿಗಳನ್ನು ಹಿಂದಕ್ಕೆ ಸರಿಸುವ ಮ್ಯಾಂಡರಿನ್ ಪ್ರಚಾರವಂತೂ 1979ರಲ್ಲಿಯೇ ಆರಂಭವಾಗಿತ್ತು. ಎರಡನೆಯವನನ್ನು ಪ್ರತಿಯೊಬ್ಬನ ಬಾಗಿಲೆದುರಿಗೂ ತಂದು ನಿಲ್ಲಿಸುವುದು ರಾಜ್ಯಕ್ಕೆ ಸಾಧ್ಯವಾದ ಕೆಲಸ, ಮತ್ತು ಅದು ಸಣ್ಣ ಕೆಲಸವಲ್ಲ. ಅದರಿಂದ ಭಯ ಕಡಿಮೆಯಾಗಿದೆಯೆಂದೇ ನಾನು ನಂಬುತ್ತೇನೆ. ಸಂತೋಷವು ಶಾಸನಕ್ಕೆ ಒಳಪಟ್ಟ ವಸ್ತುವಲ್ಲ.

ಕನ್ನಡಿಗರು ಎಲ್ಲಿ ಹೋದರೂ ಸಂಖ್ಯೆಯಲ್ಲಿ ಅಲ್ಪರಾದುದರಿಂದ ತಮ್ಮದೆಂಬ ಬೀದಿಯನ್ನು ಕಟ್ಟುವಷ್ಟು ಬಲ ಅವರಿಗೆ ಸಾಮಾನ್ಯವಾಗಿ ಬರಲಿಲ್ಲ. ನ್ಯೂಜೆರ್ಸಿಯ ಎಡಿಸನ್, ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್ ಮುಂತಾದೆಡೆಗಳಲ್ಲಿ ಅವರು ಭಾರತೀಯರ ದೊಡ್ಡ ವಸತಿಗಳೊಳಗೆ ಅಲ್ಲೊಂದು ಇಲ್ಲೊಂದು ಮನೆಯಾಗಿ ಬೆರೆತಿದ್ದಾರೆ. ಈ ಅಲ್ಪತೆಯಲ್ಲಿಯೇ ಪ್ರತಿಧ್ವನಿಯ ಆಕ್ಷೇಪಕ್ಕೆ ಉತ್ತರವಿದೆ. ಊರಿನಲ್ಲಿ ನಮ್ಮ ನೆರೆಯನ್ನು ಭಾಷೆ ನಿರ್ಣಯಿಸುವುದಿಲ್ಲ. ಅಗ್ರಹಾರ, ಗೌಡರ ಕೇರಿ, ಹೊಲಗೇರಿ ಎಂದು ಜಾತಿ ನಿರ್ಣಯಿಸುತ್ತದೆ. ಧಾರವಾಡದ ಲಿಂಗಾಯತನೂ ಮಂಗಳೂರಿನ ಬಂಟನೂ ಮೈಸೂರಿನ ಬ್ರಾಹ್ಮಣನೂ ಕಲಬುರಗಿಯ ದಲಿತನೂ ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ಕಾಣದೆಯೇ ಬಾಳು ಮುಗಿಸುವುದು ಇಲ್ಲಿ ಅಸಾಧಾರಣವೇನಲ್ಲ. ಪರದೇಶದಲ್ಲಿ ಹತ್ತೇ ಮನೆಗಳಿರುವಾಗ ಆರಿಸಿ ತೆಗೆಯುವ ಸೌಕರ್ಯವಿಲ್ಲ. ಕನ್ನಡವೆಂಬ ಒಂದೇ ಕಾರಣದಿಂದ ಜ್ವರ ಬಂದ ರಾತ್ರಿ ಕರೆಯಬೇಕಾದವನು, ಊರಿನಲ್ಲಾಗಿದ್ದರೆ ಜಗಲಿಯಿಂದ ಈಚೆಗೆ ಬರಲಾರದಿದ್ದವನೇ ಆಗುತ್ತಾನೆ. ಅವನು ನಿಸ್ಸಂಶಯವಾಗಿ ಎರಡನೆಯವನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದರ ಮಗ್ಗುಲಿನ ಮಾತೊಂದು ನಡೆಯಿತು: ಸಂಪ್ರದಾಯವು ಹೇಳುವಂತೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನು ಬಂದು, ನೆರೆಯನ್ನು ಭಕ್ತಿಯಿಂದ ಮೊದಲು ಆರಿಸಿಕೊಂಡು, ಅನಂತರ ಆ ನೆರೆಯ ನುಡಿಯಲ್ಲಿಯೇ ವಚನಗಳನ್ನು ರಚಿಸಿದನು.

ಆದರೆ ಜನ ಹೆಚ್ಚಿದಂತೆ ಅಮೆರಿಕದಲ್ಲಿಯೂ ಕನ್ನಡಕೂಟದ ಜೊತೆಗೆ ವೀರಶೈವರದೊಂದು, ಹವ್ಯಕರದೊಂದು ಎಂದು ಬೇರೆಬೇರೆ ಸಂಘಗಳು ಹುಟ್ಟಿಕೊಂಡಿವೆ. ದೀಕ್ಷೆ, ಉಪನಯನ, ವಿವಾಹಗಳ ಅಗತ್ಯವನ್ನು ನಾನು ಅಲ್ಲಗಳೆಯೆನು. ಆದರೂ ಸಂಖ್ಯೆ ಬೆಳೆದಷ್ಟೂ ನೆರೆ ಕಿರಿದಾಗುವುದನ್ನು ಕಂಡರೆ, ಅಲ್ಪತೆಯೇ ನಮಗೆ ಹೆಚ್ಚು ಶ್ರೇಯಸ್ಕರವಾಗಿತ್ತೇನೋ ಎಂದು ಸಂಶಯವಾಗುತ್ತದೆ.

ಇಷ್ಟಕ್ಕೂ ಹೊರನಾಡಿನಲ್ಲಿ ನೆಲಸಿದ ಮಗನಿಗೆ ಈ ನೆರೆ ಅಷ್ಟಾಗಿ ಬೇಡ; ಅವನ ಹಗಲೆಲ್ಲ ಇಂಗ್ಲಿಷಿನಲ್ಲಿ ಸಾಗಿ ಹೋಗುತ್ತದೆ. ಸಂದರ್ಶಕರ ವೀಸಾದ ಮೇಲೆ ಒಂದು ಸಲಕ್ಕೆ ಆರು ತಿಂಗಳ ಮಟ್ಟಿಗೆ ದಾವಣಗೆರೆಯಿಂದ ಬಂದಿಳಿಯುವ ಅವನ ತಾಯಿಯೇ ಸೆನೆಕನ ಎರಡನೆಯ ಲೇಖದ ಅರ್ಥದಲ್ಲಿ ನಿಜವಾದ ದೇಶಭ್ರಷ್ಟಳು. ಆಕೆಯ ಎದುರಿಗಿರುವ ಎರಡನೆಯವನು ನೆರೆಮನೆಯಲ್ಲಿಲ್ಲ, ತನ್ನ ಮನೆಯಲ್ಲಿಯೇ ಇದ್ದಾನೆ: ಕನ್ನಡವನ್ನು ತಿಳಿದು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊಮ್ಮಗ. ಮುಂಜಾನೆಯ ನಡಿಗೆಗೆ ಆಕೆಗೆ ಜೊತೆಯಾಗುವ ಬೀದರದ ಹೆಂಗಸಿನ ಮಾತಿಗೆ ಮೊದಲು ಆಕೆ ನಗುತ್ತಾಳೆ, ಆಮೇಲೆ ಒಗ್ಗಿಕೊಳ್ಳುತ್ತಾಳೆ. ರಸ್ತೆ ದಾಟುವುದಕ್ಕೆ ಕಂಬದ ಯಾವ ಗುಂಡಿಯನ್ನು ಒತ್ತಬೇಕು, ಎದುರು ಬಂದ ಬಿಳಿಯ ಮುದುಕನು ಮುಗುಳ್ನಕ್ಕರೆ ಏನೆನ್ನಬೇಕು, ಮೊಮ್ಮಗನು ಶಾಲೆಯಿಂದ ಬಂದೊಡನೆ ಹೇಳುವ ಆ ಒಂದು ಮಾತಿಗೆ ಅರ್ಥವೇನು, ಇವನ್ನೆಲ್ಲ ಆಕೆಗೆ ಹೇಳಿಕೊಡುವವಳು ಕೆಲವು ತಿಂಗಳ ಮುಂಚೆ ಬಂದು ತಾನೂ ಇವನ್ನೇ ಕಲಿತ ಆ ಬೀದರದವಳೇ.